ನಂಪೈ 1ರಲ್ಲೂ 2ರಲ್ಲೂ ಓಡುವ ಲೈಬ್ರರಿ: ಹಳೆ–ಹೊಸ ಡಿಪೆಂಡೆನ್ಸಿಗಳನ್ನು ಒಟ್ಟಿಗೆ ನಿಭಾಯಿಸುವ ಕ್ರಮ

ಅರೇಗಳ, ಅಂದರೆ ಅಂಕಿಗಳ ಸಾಲುಗಳ, ಲೆಕ್ಕಕ್ಕೆ ಬಳಸುವ ಪೈಥಾನ್ ಲೈಬ್ರರಿ ನಂಪೈಯ 2.0 ಆವೃತ್ತಿ ಬಿಡುಗಡೆಯಾದದ್ದು 2024ರ ಜೂನ್ 16ರಂದು. 2006ರಲ್ಲಿ 1.0 ಬಂದ ಮೇಲೆ ಮೊದಲ ಅಂಕಿ ಬದಲಾದದ್ದು ಅದೇ ಮೊದಲ ಸಲ. ಅಂದಿನಿಂದ ಪೈಥಾನ್ ಪ್ಯಾಕೇಜ್ ಹಾಕುವ ಸಾಧನವಾದ ಪಿಪ್‌ನಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿದವರಿಗೆ 2ರ ಸರಣಿ ಸಿಗುತ್ತಿದೆ. ಆದರೆ ಉಬುಂಟು 22.04ರ ಪ್ಯಾಕೇಜನ್ನೇ ಬಳಸುವವರ ಹತ್ತಿರ ಇರುವುದು 1.21.5. ಡೆಬಿಯನ್ 12ರಲ್ಲಿ 1.24.2, ಉಬುಂಟು 24.04ರಲ್ಲಿ 1.26.4. ನೀವು ನೋಡಿಕೊಳ್ಳುತ್ತಿರುವ ಓಪನ್ ಸೋರ್ಸ್ ಲೈಬ್ರರಿ ನಂಪೈ ಮೇಲೆ ನಿಂತಿದ್ದರೆ, ಇವರೆಲ್ಲರೂ ನಿಮ್ಮ ಬಳಕೆದಾರರೇ.

ಡಿಪೆಂಡೆನ್ಸಿ, ಅಂದರೆ ನಿಮ್ಮ ಕೋಡ್ ನೆಚ್ಚಿಕೊಂಡ ಬೇರೆ ಪ್ಯಾಕೇಜ್, ಬದಲಾದಾಗ ಬರುವ ತೊಂದರೆಗಳಲ್ಲಿ ಹೆಸರು ಬದಲಾಗುವುದು ಒಂದು, ಹೆಸರು ಹಾಗೇ ಉಳಿದು ನಡವಳಿಕೆ ಬದಲಾಗುವುದು ಇನ್ನೊಂದು, ಕಂಪೈಲ್ ಮಾಡಿದ ಬೈನರಿ ಹೊಂದದೇ ಹೋಗುವುದು ಮತ್ತೊಂದು. ನಂಪೈ 2ರಲ್ಲಿ ಮೂರೂ ಒಟ್ಟಿಗೆ ಬಂದವು. ಹಾಗಾಗಿ ಇಲ್ಲಿ ಅದನ್ನೇ ಮಾದರಿಯಾಗಿ ಹಿಡಿದಿದ್ದೇವೆ. ನಿಮ್ಮದು ಜ್ಯಾಂಗೊ ಅಥವಾ ಪಾಂಡಾಸ್ ಮೇಲೆ ನಿಂತ ಪ್ಯಾಕೇಜ್ ಆದರೂ ಕ್ರಮ ಇದೇ, ಹೆಸರುಗಳಷ್ಟೇ ಬೇರೆ.

ಎಷ್ಟು ಹಿಂದಿನವರೆಗೆ?

ಕೋಡ್ ಮುಟ್ಟುವ ಮೊದಲು ಕೆಳಮಿತಿ ಯಾವುದೆಂದು ತೀರ್ಮಾನಿಸಿ. ಸೈಂಟಿಫಿಕ್ ಪೈಥಾನ್ ಸಮುದಾಯದ ಸ್ಪೆಕ್ 0 ಎಂಬ ಒಪ್ಪಂದದ ಪ್ರಕಾರ ಒಂದು ಪೈಥಾನ್ ಆವೃತ್ತಿಗೆ ಅದು ಬಿಡುಗಡೆಯಾದ 3 ವರ್ಷದವರೆಗೆ, ನಂಪೈಯಂಥ ಮೂಲ ಪ್ಯಾಕೇಜ್‌ನ ಒಂದು ಆವೃತ್ತಿಗೆ 2 ವರ್ಷದವರೆಗೆ ಬೆಂಬಲ ಕೊಟ್ಟರೆ ಸಾಕು. ಬಹುಪಾಲು ಲೈಬ್ರರಿಗಳಿಗೆ ಈ ಲೆಕ್ಕ ಸರಿಹೋಗುತ್ತದೆ. ನಿಮ್ಮದನ್ನು ಕಾಲೇಜು ಲ್ಯಾಬ್‌ನಲ್ಲೋ ಹಂಚಿಕೆಯ ಕ್ಲಸ್ಟರ್‌ನಲ್ಲೋ ಬಳಸುವವರು ಹೆಚ್ಚಿದ್ದರೆ ಇನ್ನಷ್ಟು ಹಿಂದಕ್ಕೆ ಹೋಗಬೇಕಾದೀತು, ಯಾಕೆಂದರೆ ಅಲ್ಲಿ ಸಿಸ್ಟಮ್ ಪ್ಯಾಕೇಜ್ ಅಪ್‌ಗ್ರೇಡ್ ಮಾಡುವುದು ಬಳಕೆದಾರನ ಕೈಯಲ್ಲಿ ಇರುವುದಿಲ್ಲ. ಉಳಿದಂತೆ, ನಿಮ್ಮ ಹೊಸ ಆವೃತ್ತಿಯನ್ನು ಪಿಪ್‌ನಿಂದ ಎಳೆದುಕೊಳ್ಳಬಲ್ಲವನು ನಂಪೈಯನ್ನೂ ಎಳೆದುಕೊಳ್ಳಬಲ್ಲ. ಅವನ ಹೆಸರು ಹೇಳಿಕೊಂಡು 5 ವರ್ಷ ಹಳೆಯ ಆವೃತ್ತಿಯನ್ನು ಹೊತ್ತು ತಿರುಗುವುದು ಬೇಡದ ಉಪಕಾರ.

ಪ್ಯಾಕೇಜ್‌ನ ವಿವರ ಇರುವ ಪೈಪ್ರಾಜೆಕ್ಟ್ ಟಾಮ್ಲ್ ಫೈಲ್‌ನಲ್ಲಿ ‘ನಂಪೈ >= 1.22’ ಎಂದು ಬರೆದರೆ 1.22.0ರಲ್ಲೂ ಓಡುತ್ತದೆ ಎಂದು ಮಾತು ಕೊಟ್ಟ ಹಾಗೆ. ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ಆ ಅಂಕಿಯನ್ನು ವರ್ಷಗಳ ಹಿಂದೆ ಯಾರೋ ಬರೆದಿರುತ್ತಾರೆ, ಆಮೇಲೆ ಒಮ್ಮೆಯೂ ಆ ಆವೃತ್ತಿಯ ಮೇಲೆ ಟೆಸ್ಟ್ ಓಡಿರುವುದಿಲ್ಲ. ಟೆಸ್ಟ್ ಓಡಿಸದ ಕೆಳಮಿತಿಯನ್ನು ಬರೆಯಬೇಡಿ. ಓಡಿಸಲು ಆಗದಿದ್ದರೆ ಓಡಿಸಲು ಆಗುವ ಅಂಕಿಗೆ ಏರಿಸಿ.

ಕಂಪೈಲ್ ಮಾಡುವ ಕೋಡ್ ಇದ್ದರೆ

ನಿಮ್ಮ ಲೈಬ್ರರಿ ಪೂರ್ತಿ ಪೈಥಾನ್‌ನಲ್ಲೇ ಇದ್ದರೆ ಈ ಭಾಗ ಬಿಟ್ಟು ಮುಂದೆ ಹೋಗಿ. ಸಿ, ಸೈಥಾನ್ ಅಥವಾ ಪೈಬೈಂಡ್‌ನ ಮೂಲಕ ನಂಪೈ ಹೆಡರ್ ಬಳಸುತ್ತಿದ್ದರೆ ಇಲ್ಲಿಂದಲೇ ಶುರು ಮಾಡಬೇಕು, ಯಾಕೆಂದರೆ ಇಂಪೋರ್ಟ್ ಆಗದ ಲೈಬ್ರರಿಯಲ್ಲಿ ಬೇರೆ ಏನು ಸರಿಪಡಿಸಿದರೂ ಉಪಯೋಗವಿಲ್ಲ.

1.x ಹೆಡರ್‌ಗಳಿಂದ ಕಂಪೈಲ್ ಆದ ಬೈನರಿ 2.xನಲ್ಲಿ ಓಡುವುದಿಲ್ಲ. ಬಳಕೆದಾರರಿಗೆ ಕಾಣುವುದು ‘ನಂಪೈ ಡಿಟೈಪ್‌ನ ಗಾತ್ರ ಬದಲಾಗಿದೆ, ಹೆಡರ್ ಪ್ರಕಾರ 96 ಇರಬೇಕಿತ್ತು, ಸಿಕ್ಕಿದ್ದು 88’ ಎಂಬ ವ್ಯಾಲ್ಯೂ ಎರರ್, ಇಲ್ಲವೇ ‘ನಂಪೈ 1.xನಿಂದ ಕಂಪೈಲ್ ಆದ ಮಾಡ್ಯೂಲನ್ನು 2ರಲ್ಲಿ ಓಡಿಸಿದರೆ ಕ್ರ್ಯಾಶ್ ಆಗಬಹುದು’ ಎಂಬ ಉದ್ದನೆಯ ಸಂದೇಶ. ಇಶ್ಯೂ ಪಟ್ಟಿಯಲ್ಲಿ 96 ಮತ್ತು 88 ಎಂಬ ಅಂಕಿಗಳು ಕಂಡರೆ ಕಾರಣ ಹುಡುಕುತ್ತ ಕೂರಬೇಡಿ, ಇದೇ.

ಪರಿಹಾರ ಮೊದಲ ನೋಟಕ್ಕೆ ತಿರುವುಮುರುವು ಅನ್ನಿಸುತ್ತದೆ: ಹಳೆಯದನ್ನು ಬೆಂಬಲಿಸಬೇಕಾದರೆ ಹೊಸದರಲ್ಲಿ ಬಿಲ್ಡ್ ಮಾಡಬೇಕು. ಹಿಂದೆ ಇದು ಉಲ್ಟಾ ಇತ್ತು. ಬೆಂಬಲಿಸುವ ಅತಿ ಹಳೆಯ ನಂಪೈಯಲ್ಲೇ ಬಿಲ್ಡ್ ಮಾಡಬೇಕಿತ್ತು, ಅದಕ್ಕೆಂದೇ ‘ಓಲ್ಡೆಸ್ಟ್ ಸಪೋರ್ಟೆಡ್ ನಂಪೈ’ ಎಂಬ ಪ್ಯಾಕೇಜ್ ಇತ್ತು. 1.25ರಿಂದ ಈಚೆಗೆ ಹೆಡರ್‌ಗಳೇ ಹಿಂದಿನ ಆವೃತ್ತಿಗಳಿಗೆ ಹೊಂದುವಂತೆ ಬೈನರಿ ಹೊರಡಿಸುತ್ತವೆ. 2.0ರ ಹೆಡರ್ ಬಳಸಿ ಮಾಡಿದ ವೀಲ್ (ಮೊದಲೇ ಬಿಲ್ಡ್ ಆದ ಪ್ಯಾಕೇಜ್ ಫೈಲ್) ಬೇರೇನೂ ಹೇಳದಿದ್ದರೆ 1.19ರವರೆಗೂ ಓಡುತ್ತದೆ. ಹಾಗಾಗಿ:

ಬಿಲ್ಡ್ ಸಿಸ್ಟಮ್ ವಿಭಾಗದ ರಿಕ್ವೈರ್ಸ್ ಸಾಲಿನಲ್ಲಿ ‘ನಂಪೈ >= 2.0’ ಎಂದು ಹಾಕಿ. ಹಳೆಯ ‘ಓಲ್ಡೆಸ್ಟ್ ಸಪೋರ್ಟೆಡ್ ನಂಪೈ’ ಇದ್ದರೆ ತೆಗೆಯಿರಿ. ಪ್ರಾಜೆಕ್ಟ್ ವಿಭಾಗದ ಡಿಪೆಂಡೆನ್ಸೀಸ್ ಸಾಲಿನಲ್ಲಿ ‘ನಂಪೈ >= 1.22’ ಹಾಗೇ ಇರಲಿ. ಈ ಎರಡು ಸಾಲುಗಳ ಅರ್ಥ ಬೇರೆ ಬೇರೆ. ಒಂದು ವೀಲ್ ಕಟ್ಟುವಾಗಿನ ಮಾತು, ಇನ್ನೊಂದು ಬಳಕೆದಾರನ ಯಂತ್ರದಲ್ಲಿ ಓಡುವಾಗಿನ ಮಾತು. ಎರಡೂ ಒಂದೇ ಇರಬೇಕೆಂದು ಯಾರಾದರೂ ಪುಲ್ ರಿಕ್ವೆಸ್ಟ್ ಕಳಿಸಿಯೇ ಕಳಿಸುತ್ತಾರೆ, ಪಕ್ಕದಲ್ಲೇ ಒಂದು ಸಾಲು ಕಾಮೆಂಟ್ ಬರೆದಿಡುವುದು ಒಳ್ಳೆಯದು.

2.0ರ ನಂತರದ ನಂಪೈಗಳು ಆ 1.19 ಎಂಬ ಸಹಜ ಮಿತಿಯನ್ನು ಏರಿಸುತ್ತವೆ. ಅದನ್ನು ನೆಚ್ಚಿಕೊಳ್ಳದೆ ‘ಎನ್‌ಪಿವೈ_ಟಾರ್ಗೆಟ್_ವರ್ಷನ್’ ಮ್ಯಾಕ್ರೊವನ್ನು ನಿಮ್ಮ ಕೆಳಮಿತಿಗೆ, ಅಂದರೆ ಇಲ್ಲಿ 1.22ರ ಎಪಿಐಗೆ, ನೀವೇ ನಿಗದಿ ಮಾಡಿ. ಸಿ ಕೋಡ್‌ನಲ್ಲಿ ಡಿಟೈಪ್‌ನ ಗಾತ್ರವನ್ನು ಸ್ಟ್ರಕ್ಟ್‌ನೊಳಗೆ ಕೈಹಾಕಿ ‘ಎಲ್‌ಸೈಜ್’ ಎಂದು ಓದುತ್ತಿದ್ದರೆ 2.0ರಲ್ಲಿ ಅದು ಕಂಪೈಲ್ ಆಗುವುದಿಲ್ಲ. ಅದಕ್ಕೆಂದೇ ಮ್ಯಾಕ್ರೊಗಳನ್ನು ಕೊಟ್ಟಿರುವ ‘ಎನ್‌ಪಿವೈ_2_ಕಾಂಪಾಟ್’ ಹೆಡರ್ ಇದೆ. 1.x ಹೆಡರ್‌ನಲ್ಲೂ ಕಂಪೈಲ್ ಆಗಬೇಕಿದ್ದರೆ ಆ ಫೈಲನ್ನು ನಿಮ್ಮ ರೆಪೊಗೆ ನಕಲು ಮಾಡಿಕೊಳ್ಳಬಹುದು. ‘ಇಂಪೋರ್ಟ್_ಅರೇ’ ಕರೆಯನ್ನು ಮಾತ್ರ ಮರೆಯಬೇಡಿ, ಅದಿಲ್ಲದೆ ಆ ಮ್ಯಾಕ್ರೊಗಳು ಕೆಲಸ ಮಾಡುವುದಿಲ್ಲ.

ವೀಲ್ ಕಟ್ಟಿದ ಮೇಲೆ ಅದನ್ನೇ ಹಳೆಯ ನಂಪೈ ಇರುವ ವಾತಾವರಣದಲ್ಲಿ ಇನ್‌ಸ್ಟಾಲ್ ಮಾಡಿ ಟೆಸ್ಟ್ ಓಡಿಸಿ. ಸೋರ್ಸ್‌ನಿಂದ ಮತ್ತೆ ಬಿಲ್ಡ್ ಮಾಡಿ ಓಡಿಸಿದರೆ ಬಳಕೆದಾರನ ಕೈಗೆ ಹೋಗುವ ಬೈನರಿಯನ್ನು ನೀವು ನೋಡಿದಂತಾಗುವುದಿಲ್ಲ.

ಹೆಸರು ಬದಲಾದ ಕಡೆ

ನಂಪೈಯ ಮುಖ್ಯ ನೇಮ್‌ಸ್ಪೇಸ್‌ನಿಂದ ಸುಮಾರು 100 ಹೆಸರುಗಳು 2.0ರಲ್ಲಿ ಹೋದವು, ಜಾಗ ಬದಲಿಸಿದವು ಅಥವಾ ಡೆಪ್ರಿಕೇಟ್ (ಮುಂದೆ ತೆಗೆಯುತ್ತೇವೆ ಎಂಬ ಎಚ್ಚರಿಕೆ) ಆದವು. ಕೇಳಲು ಗಾಬರಿ ಹುಟ್ಟಿಸಿದರೂ ಇದು ಎಲ್ಲಕ್ಕಿಂತ ಹಗುರ ಕೆಲಸ. ರಫ್ ಎಂಬ ಲಿಂಟರ್‌ನಲ್ಲಿ (ಕೋಡ್ ಓದಿ ತಪ್ಪು ತೋರಿಸುವ ಸಾಧನ) ಎನ್‌ಪಿವೈ201 ಎಂಬ ನಿಯಮ ಇದಕ್ಕೆಂದೇ ಇದೆ, ಅದೊಂದನ್ನೇ ಆರಿಸಿ ಓಡಿಸಿದರೆ ಸಾಲುಸಾಲಾಗಿ ತೋರಿಸುತ್ತದೆ.

ಪಟ್ಟಿ ಕೈಗೆ ಬಂದ ಮೇಲೆ ಎರಡು ರಾಶಿ ಮಾಡಿ. ದೊಡ್ಡ ರಾಶಿಗೆ ಸೇರುವುದು, ಬದಲಿ ಹೆಸರು ಹಳೆಯ ನಂಪೈಯಲ್ಲೂ ಇದ್ದಂಥವು. ದೊಡ್ಡಕ್ಷರದ ‘ಇನ್ಫ್’ಗೆ ಸಣ್ಣಕ್ಷರದ ‘ಇನ್ಫ್’, ‘ಫ್ಲೋಟ್_’ಗೆ ‘ಫ್ಲೋಟ್64’, ‘ಪ್ರಾಡಕ್ಟ್’ಗೆ ‘ಪ್ರಾಡ್’, ‘ಆಲ್‌ಟ್ರೂ’ಗೆ ‘ಆಲ್’, ‘ರೋ_ಸ್ಟ್ಯಾಕ್’ಗೆ ‘ವಿಸ್ಟ್ಯಾಕ್’, ‘ಇನ್1ಡಿ’ಗೆ ‘ಈಸ್‌ಇನ್’. ಇವನ್ನು ನೇರವಾಗಿ ತಿದ್ದಿಬಿಡಿ. ಇದಕ್ಕೆ ಇಫ್ ಬೇಡ, ಟ್ರೈ ಬೇಡ, ಆವೃತ್ತಿ ನೋಡುವುದೂ ಬೇಡ.

ಸಣ್ಣ ರಾಶಿಯಲ್ಲಿ ಉಳಿಯುವುದು ನಿಜಕ್ಕೂ ಎರಡು ದಾರಿ ಬೇಕಾದವು. ‘ಟ್ರಾಪ್ಜ್’ ಫಂಕ್ಷನ್ 2.0ರಲ್ಲಿ ಡೆಪ್ರಿಕೇಟ್ ಆಗಿ ‘ಟ್ರಾಪಿಜಾಯ್ಡ್’ ಬಂತು, ಆದರೆ ಆ ಹೊಸ ಹೆಸರು 1.xನಲ್ಲಿ ಇಲ್ಲ. ‘ಆಕ್ಸಿಸ್ ಎರರ್’ ಈಗ ‘ಎಕ್ಸೆಪ್ಶನ್ಸ್’ ಎಂಬ ಉಪ ಮಾಡ್ಯೂಲ್‌ನಲ್ಲಿದೆ, ಆ ಮಾಡ್ಯೂಲ್ 1.25ಕ್ಕಿಂತ ಹಿಂದೆ ಇರಲಿಲ್ಲ. ಇವುಗಳಿಗಾಗಿ ‘_ಕಾಂಪಾಟ್’ ಎಂಬ ಒಂದೇ ಫೈಲ್ ತೆರೆಯಿರಿ. ಆವೃತ್ತಿಗೆ ಸಂಬಂಧಿಸಿದ ಪ್ರತಿ ಇಫ್ ಅಲ್ಲೇ ಇರಬೇಕು. ಉಳಿದ ಫೈಲ್‌ಗಳು ‘_ಕಾಂಪಾಟ್’ನಿಂದ ‘ಟ್ರಾಪಿಜಾಯ್ಡ್’ ಇಂಪೋರ್ಟ್ ಮಾಡಿಕೊಳ್ಳಲಿ, ನಂಪೈಯ ಆವೃತ್ತಿ ಯಾವುದೆಂದು ಅವಕ್ಕೆ ಗೊತ್ತಿರಬೇಕಾಗಿಯೇ ಇಲ್ಲ. ಇದರ ನಿಜವಾದ ಲಾಭ ಕಾಣುವುದು ಬೆಂಬಲ ಕೈಬಿಡುವ ದಿನ. ಆಗ ತೆರೆಯಬೇಕಾದ ಫೈಲ್ ಒಂದೇ.

‘_ಕಾಂಪಾಟ್’ ಒಳಗೆ ಯಾವಾಗಲೂ ಹೊಸ ಹೆಸರಿನಲ್ಲೇ ಒದಗಿಸಿ. ಹಳೆಯ ‘ಟ್ರಾಪ್ಜ್’ ಹೆಸರಿನಲ್ಲಿ ಒದಗಿಸಿದರೆ ನಾಳೆ ಇಡೀ ಕೋಡ್‌ನಲ್ಲಿ ಮತ್ತೊಮ್ಮೆ ಹೆಸರು ತಿದ್ದಬೇಕು.

ಇಲ್ಲಿ ತಪ್ಪುವುದು ಎಲ್ಲಿ?

ಗೆಟ್‌ಆಟ್ರ್‌ನ, ಅಂದರೆ ಹೆಸರು ಹೇಳಿ ವಸ್ತು ತರಿಸುವ ಪೈಥಾನ್ ಫಂಕ್ಷನ್‌ನ, ಮೂರನೇ ಆರ್ಗ್ಯುಮೆಂಟ್. ‘ಟ್ರಾಪಿಜಾಯ್ಡ್ ಇದ್ದರೆ ಕೊಡು, ಇಲ್ಲದಿದ್ದರೆ ಎನ್‌ಪಿ.ಟ್ರಾಪ್ಜ್ ಕೊಡು’ (‘ಎನ್‌ಪಿ’ ನಂಪೈಯ ವಾಡಿಕೆಯ ಚಿಕ್ಕ ಹೆಸರು) ಎಂದು ಒಂದೇ ಸಾಲಿನ ಗೆಟ್‌ಆಟ್ರ್ ಬರೆಯುವುದು ತುಂಬಾ ಸಾಮಾನ್ಯ. ಪೈಥಾನ್ ಆ ಮೂರನೇ ಆರ್ಗ್ಯುಮೆಂಟನ್ನು ಬೇಕಿರಲಿ ಬೇಡದಿರಲಿ ಮೊದಲೇ ಲೆಕ್ಕಹಾಕುತ್ತದೆ. ಡೆಪ್ರಿಕೇಟ್ ಆದ ‘ಟ್ರಾಪ್ಜ್’ ಪೂರ್ತಿ ತೆಗೆದುಹಾಕಿದ ಆವೃತ್ತಿಯಲ್ಲಿ, ‘ಟ್ರಾಪಿಜಾಯ್ಡ್’ ಇದ್ದರೂ ಆ ಸಾಲು ಆಟ್ರಿಬ್ಯೂಟ್ ಎರರ್ ಎಸೆಯುತ್ತದೆ. ‘ಹ್ಯಾಸ್‌ಆಟ್ರ್’ ಹಾಕಿ ಇಫ್–ಎಲ್ಸ್‌ನಲ್ಲಿ ಬರೆಯಿರಿ, ನಾಲ್ಕು ಸಾಲಾದರೂ ಚಿಂತೆಯಿಲ್ಲ.

‘ಎನ್‌ಪಿ.ಬೂಲ್’. ಹೆಸರು ಇದೆಯೇ ಎಂದು ನೋಡುವ ಉಪಾಯ ಇಲ್ಲಿ ಕೈಕೊಡುತ್ತದೆ. 1.20ರಲ್ಲಿ ಇದು ಡೆಪ್ರಿಕೇಟ್ ಆಯಿತು, ಆಗ ಅದು ಪೈಥಾನ್‌ನದೇ ‘ಬೂಲ್’. 1.24ರಲ್ಲಿ ತೆಗೆದುಹಾಕಿದರು. 2.0ರಲ್ಲಿ ಮತ್ತೆ ಬಂತು, ಈ ಸಲ ನಂಪೈಯ ಸ್ಕೇಲರ್ (ಒಂಟಿ ಬೆಲೆಯ) ಟೈಪ್ ಆಗಿ. ಅಂದರೆ ಒಂದೇ ಹೆಸರಿಗೆ ಮೂರು ಕಾಲದಲ್ಲಿ ಮೂರು ಸ್ಥಿತಿ. ‘ಬೂಲ್_’ ಎಂಬುದು ಎಲ್ಲದರಲ್ಲೂ ಒಂದೇ ಆಗಿ ಉಳಿದಿದೆ, ಅದನ್ನೇ ಬಳಸಿ.

ಆವೃತ್ತಿಯನ್ನು ಸ್ಟ್ರಿಂಗ್ ಆಗಿ ಹೋಲಿಸುವುದು. ಅಕ್ಷರದ ಲೆಕ್ಕದಲ್ಲಿ ‘1.9’ ದೊಡ್ಡದು, ‘1.26’ ಸಣ್ಣದು. ‘ಪ್ಯಾಕೇಜಿಂಗ್’ ಲೈಬ್ರರಿಯ ‘ವರ್ಷನ್’ ಕ್ಲಾಸ್ ಬಳಸಿ. ಅದರಲ್ಲೂ ಒಂದು ಮುಳ್ಳಿದೆ. 2.0.0ರ ಆರ್‌ಸಿ ಮತ್ತು ಡೆವ್ ಆವೃತ್ತಿಗಳು, ಅಂದರೆ ಅಧಿಕೃತ ಬಿಡುಗಡೆಗೆ ಮುಂಚಿನವು, ನಿಯಮದ ಪ್ರಕಾರ 2.0.0ಕ್ಕಿಂತ ಸಣ್ಣವು. ‘2.0.0ಕ್ಕೆ ಸಮ ಅಥವಾ ದೊಡ್ಡದು’ ಎಂದು ಕೇಳಿದರೆ ಹೊಸ ನಡವಳಿಕೆ ಇರುವ ನೈಟ್ಲಿ ಬಿಲ್ಡ್‌ಗೆ (ಅಭಿವೃದ್ಧಿಯಲ್ಲಿರುವ ಕೋಡ್‌ನಿಂದ ಆಗಾಗ ಕಟ್ಟುವ ಆವೃತ್ತಿ) ಹಳೆಯ ದಾರಿ ಸಿಗುತ್ತದೆ, ಟೆಸ್ಟ್ ವಿಚಿತ್ರವಾಗಿ ಮುರಿಯುತ್ತದೆ. ಮೊದಲ ಅಂಕಿಯನ್ನು ಮಾತ್ರ ತೆಗೆದು 2ರ ಜೊತೆ ಹೋಲಿಸಿದರೆ ಈ ತಕರಾರು ಇಲ್ಲ.

ಟ್ರೈ ಬ್ಲಾಕ್‌ನೊಳಗೆ ಹತ್ತು ಸಾಲು ತುರುಕುವುದು. ಇಂಪೋರ್ಟ್ ಎರರ್ ಹಿಡಿಯುವ ಟ್ರೈ ಒಳಗೆ ಆ ಒಂದು ಇಂಪೋರ್ಟ್ ಸಾಲು ಮಾತ್ರ ಇರಲಿ. ಇಲ್ಲದಿದ್ದರೆ ಒಳಗಿನ ಬೇರಾವುದೋ ಮಾಡ್ಯೂಲ್ ಮುರಿದಿದ್ದರೂ ಕೋಡ್ ಸದ್ದಿಲ್ಲದೆ ಹಳೆಯ ದಾರಿ ಹಿಡಿಯುತ್ತದೆ. ಪೈಥಾನ್‌ನ ಆವೃತ್ತಿಗೆ ಸಂಬಂಧಿಸಿದ್ದಾದರೆ ಟ್ರೈ ಬದಲು ‘ಸಿಸ್.ವರ್ಷನ್_ಇನ್ಫೊ’ ನೋಡಿ. ಉದಾಹರಣೆಗೆ, ಟಾಮ್ಲ್ ಫೈಲ್ ಓದುವ ‘ಟಾಮ್ಲ್‌ಲಿಬ್’ ಪೈಥಾನ್ 3.11ರಲ್ಲಿ ಬಂದದ್ದು, ಅದಕ್ಕಿಂತ ಹಿಂದೆ ‘ಟಾಮ್ಲಿ’ ಬೇಕು. ವರ್ಷನ್_ಇನ್ಫೊ ಇಟ್ಟು ಬರೆದ ಇಫ್ ಟೈಪ್ ಪರೀಕ್ಷಿಸುವ ಮೈಪೈಗೆ ಅರ್ಥವಾಗುತ್ತದೆ, ಟ್ರೈ ಅರ್ಥವಾಗುವುದಿಲ್ಲ. ಡಿಪೆಂಡೆನ್ಸಿ ಸಾಲಿನಲ್ಲೂ ‘ಪೈಥಾನ್_ವರ್ಷನ್ < 3.11’ ಎಂಬ ಮಾರ್ಕರ್ ಹಾಕಿದರೆ ಹೊಸ ಪೈಥಾನ್‌ನವರಿಗೆ ಆ ಹೆಚ್ಚುವರಿ ಪ್ಯಾಕೇಜ್ ಹೊರೆಯಾಗುವುದಿಲ್ಲ.

ಇನ್ನು ‘ಎನ್‌ಪಿ.ಕೋರ್’. 2.0ರಲ್ಲಿ ಅದು ‘_ಕೋರ್’ ಆಯಿತು, ಅಂದರೆ ಒಳಮನೆಯ ವಸ್ತು ಎಂದು ಬೋರ್ಡ್ ಹಾಕಿದರು. ಎರಡೂ ಹೆಸರಿಗೆ ಕಾಂಪಾಟ್ ಬರೆಯುವ ಬದಲು ಅಲ್ಲಿಂದ ಏನನ್ನು ಎಳೆದುಕೊಳ್ಳುತ್ತಿದ್ದೀರಿ ಎಂದು ನೋಡಿ, ಅದಕ್ಕೊಂದು ಸಾರ್ವಜನಿಕ ಹೆಸರು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಹೆಸರು ಅದೇ, ನಡತೆ ಬೇರೆ

ಹೆಸರು ಹೋದರೆ ಎರರ್ ಬರುತ್ತದೆ, ಎರರ್ ಬಂದರೆ ಯಾರಾದರೂ ಇಶ್ಯೂ ಹಾಕುತ್ತಾರೆ. ನಡತೆ ಬದಲಾದರೆ ಉತ್ತರವೇ ಬದಲಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಸಮಯದ ಬಹುಪಾಲು ಇಲ್ಲಿ ಖರ್ಚಾಗಲಿ.

ಮೊದಲನೆಯದು ‘ಕಾಪಿ=ಫಾಲ್ಸ್’. 1.xನಲ್ಲಿ ‘ಎನ್‌ಪಿ.ಅರೇ’ಗೆ ಇದನ್ನು ಕೊಟ್ಟರೆ ಅಗತ್ಯವಿದ್ದರೆ ಮಾತ್ರ ನಕಲು ಮಾಡು ಎಂದರ್ಥ. 2.xನಲ್ಲಿ ನಕಲು ಮಾಡಲೇಬೇಡ ಎಂದರ್ಥ, ಮಾಡದೆ ವಿಧಿಯಿಲ್ಲದಿದ್ದರೆ ವ್ಯಾಲ್ಯೂ ಎರರ್. ಲಿಸ್ಟ್ ಕೊಟ್ಟರೆ ನಕಲು ಮಾಡಲೇಬೇಕು, ಹಾಗಾಗಿ ಅಲ್ಲಿ ಯಾವಾಗಲೂ ಮುರಿಯುತ್ತದೆ. ಹೆಚ್ಚಿನ ಕಡೆ ‘ಎನ್‌ಪಿ.ಆಸ್‌ಅರೇ’ ಎಂದು ಬದಲಿಸಿದರೆ ಮುಗಿಯಿತು, ಎರಡರಲ್ಲೂ ಹಳೆಯ ಅರ್ಥವೇ ಸಿಗುತ್ತದೆ. ‘ಕಾಪಿ’ ಎಂಬ ಆರ್ಗ್ಯುಮೆಂಟನ್ನು ನಿಮ್ಮ ಫಂಕ್ಷನ್ ಮೇಲಿನಿಂದ ಪಡೆದು ಕೆಳಕ್ಕೆ ದಾಟಿಸುವಲ್ಲಿ ಮಾತ್ರ ಇದು ಸಾಲದು. ಅಂಥಲ್ಲಿ ಸೈಪೈ ಮಾಡಿಕೊಂಡಿರುವ ಏರ್ಪಾಡು ಚೆನ್ನಾಗಿದೆ: ಕಾಂಪಾಟ್ ಫೈಲ್‌ನಲ್ಲಿ ‘ಕಾಪಿ_ಇಫ್_ನೀಡೆಡ್’ ಎಂಬ ಹೆಸರಿಗೆ ನಂಪೈ 2 ಆದರೆ ‘ನನ್’, 1 ಆದರೆ ‘ಫಾಲ್ಸ್’ ಬೆಲೆ ಕೊಟ್ಟು, ಉಳಿದೆಡೆ ಆ ಹೆಸರನ್ನೇ ಬಳಸುವುದು. ಓದುವವರಿಗೂ ಉದ್ದೇಶ ಥಟ್ಟನೆ ತಿಳಿಯುತ್ತದೆ.

ನಿಮ್ಮ ಸ್ವಂತ ಕ್ಲಾಸ್‌ಗೆ ‘__ಅರೇ__’ ಮೆಥಡ್ ಇದ್ದರೆ ಅದರ ಸಹಿಗೆ ‘ಡಿಟೈಪ್=ನನ್, ಕಾಪಿ=ನನ್’ ಎರಡನ್ನೂ ಸೇರಿಸಿ. 1.x ಆ ಎರಡನೆಯದನ್ನು ಎಂದೂ ಕಳಿಸುವುದಿಲ್ಲ, ಹಾಗಾಗಿ ಸೇರಿಸಿದರೆ ನಷ್ಟವಿಲ್ಲ. ಸೇರಿಸದಿದ್ದರೆ 2.xನಲ್ಲಿ ಡೆಪ್ರಿಕೇಶನ್ ವಾರ್ನಿಂಗ್ ಬರುತ್ತದೆ.

ಎರಡನೆಯದು ಟೈಪ್ ಏರಿಕೆಯ ನಿಯಮ, ನೆಪ್ 50 ಎಂಬ ಪ್ರಸ್ತಾವದಿಂದ ಬಂದದ್ದು. ಫೋಟೊ ಪ್ರಕಾಶ ಹೆಚ್ಚಿಸುವ ಕೋಡ್ ಒಂದನ್ನು ತೆಗೆದುಕೊಳ್ಳಿ. ಚಿತ್ರದ ಅರೇ ‘ಯುಇಂಟ್8’, ಅದರಿಂದ ಒಂದು ಪಿಕ್ಸೆಲ್ ಹೊರತೆಗೆದು 200 ಕೂಡಿಸುತ್ತೀರಿ, ಆಮೇಲೆ 255ಕ್ಕೆ ಕತ್ತರಿಸುತ್ತೀರಿ. ಪಿಕ್ಸೆಲ್ 100 ಇದ್ದರೆ 1.xನಲ್ಲಿ ಮೊತ್ತ 300, ಟೈಪ್ ತಾನಾಗಿ ‘ಇಂಟ್64’ಗೆ ಏರುತ್ತದೆ, ಕತ್ತರಿಸಿದ ಮೇಲೆ 255. 2.xನಲ್ಲಿ ಪೈಥಾನ್‌ನ ಬರೀ ಅಂಕಿಗೆ ತೂಕವಿಲ್ಲ, ಪಿಕ್ಸೆಲ್‌ನ ಟೈಪೇ ಗೆಲ್ಲುತ್ತದೆ. 300ರಿಂದ 256 ಕಳೆದು 44 ಉಳಿಯುತ್ತದೆ, ಜೊತೆಗೊಂದು ರನ್‌ಟೈಮ್ ವಾರ್ನಿಂಗ್. ಬೆಳ್ಳಗಾಗಬೇಕಿದ್ದ ಜಾಗ ಕಪ್ಪಾಗುತ್ತದೆ. ಕೂಡಿಸುವ ಅಂಕಿಯೇ 300 ಆಗಿದ್ದರೆ ಅದು ‘ಯುಇಂಟ್8’ನಲ್ಲಿ ಹಿಡಿಸುವುದೇ ಇಲ್ಲ, ಓವರ್‌ಫ್ಲೋ ಎರರ್ ಬರುತ್ತದೆ. ಎರರ್ ಬಂದರೆ ಪುಣ್ಯ ಅನ್ನಬೇಕು.

ತಮಾಷೆಯೆಂದರೆ ಇಡೀ ಅರೇಗೆ ಒಟ್ಟಿಗೆ 200 ಕೂಡಿಸಿದರೆ ಎರಡೂ ಆವೃತ್ತಿಯಲ್ಲಿ 44 ಬರುತ್ತದೆ. ವ್ಯತ್ಯಾಸ ಕಾಣುವುದು ಒಂದೊಂದೇ ಸ್ಕೇಲರ್ ಹಿಡಿದು ಲೆಕ್ಕ ಮಾಡುವಲ್ಲಿ. ಲೂಪ್ ಹಾಕಿ ಬರೆದ ಸಣ್ಣ ಸಹಾಯಕ ಫಂಕ್ಷನ್‌ಗಳನ್ನೇ ಮೊದಲು ಹುಡುಕಿ.

ಫ್ಲೋಟ್‌ನಲ್ಲೂ ಇದೇ ಕತೆ. ‘ಫ್ಲೋಟ್32’ ಸ್ಕೇಲರ್‌ಗೆ 3.0 ಕೂಡಿಸಿದರೆ 1.xನಲ್ಲಿ ‘ಫ್ಲೋಟ್64’, 2.xನಲ್ಲಿ ‘ಫ್ಲೋಟ್32’. ನಿಖರತೆ ಅರ್ಧಕ್ಕಿಳಿಯುತ್ತದೆ, ಯಾವ ವಾರ್ನಿಂಗೂ ಇಲ್ಲ. ಉಲ್ಟಾ ದಿಕ್ಕಿನಲ್ಲಿ, ‘ಫ್ಲೋಟ್32’ ಅರೇಗೆ ‘ಫ್ಲೋಟ್64’ ಸ್ಕೇಲರ್ ಕೂಡಿಸಿದರೆ 1.xನಲ್ಲಿ ಅರೇ 32ರಲ್ಲೇ ಉಳಿಯುತ್ತಿತ್ತು, 2.xನಲ್ಲಿ 64ಕ್ಕೆ ಏರಿ ಮೆಮೊರಿ ಎರಡರಷ್ಟಾಗುತ್ತದೆ.

ಇದಕ್ಕೆ ಆವೃತ್ತಿ ನೋಡುವ ಇಫ್ ಬರೆಯಬೇಡಿ. ಟೈಪನ್ನು ಬಾಯಿಬಿಟ್ಟು ಹೇಳಿ. ಪಿಕ್ಸೆಲನ್ನು ‘ಇಂಟ್’ ಒಳಗೆ ಹಾಕಿ ಆಮೇಲೆ ಕೂಡಿಸಿ. 64 ಬಿಟ್ ಬೇಕಿದ್ದರೆ ‘ಎನ್‌ಪಿ.ಫ್ಲೋಟ್64’ ಎಂದು ಬರೆಯಿರಿ. ಹಾಗೆ ಬರೆದ ಕೋಡ್ ಎರಡರಲ್ಲೂ ಒಂದೇ ಉತ್ತರ ಕೊಡುತ್ತದೆ, ನಾಳೆ ತೆಗೆದುಹಾಕುವ ಕೆಲಸವೂ ಇಲ್ಲ.

ಎಲ್ಲೆಲ್ಲಿ ಬದಲಾಗುತ್ತದೆಂದು ಹುಡುಕಲು ನಂಪೈ 1.26 ಹಾಕಿಕೊಂಡು ‘ಎನ್‌ಪಿವೈ_ಪ್ರಮೋಶನ್_ಸ್ಟೇಟ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ‘ವೀಕ್_ಅಂಡ್_ವಾರ್ನ್’ ಎಂದು ಬೆಲೆ ಕೊಟ್ಟು ಟೆಸ್ಟ್ ಓಡಿಸಿ. ಹೊಸ ನಿಯಮ ಜಾರಿಯಾಗಿ, ಫಲಿತಾಂಶ ಬೇರೆಯಾಗುವ ಕಡೆಯೆಲ್ಲ ವಾರ್ನಿಂಗ್ ಬರುತ್ತದೆ. ಗದ್ದಲ ಜಾಸ್ತಿ, ಅರ್ಧಕ್ಕರ್ಧ ಪರವಾಗಿಲ್ಲ ಎನ್ನುವಂಥವೇ ಇರುತ್ತವೆ. ಆದರೂ ಒಮ್ಮೆ ಕೂತು ಪೂರ್ತಿ ಓದುವುದು ಯೋಗ್ಯ.

ಉಳಿದವು ಸಣ್ಣವು. 64 ಬಿಟ್ ವಿಂಡೋಸ್‌ನಲ್ಲಿ ಪೂರ್ಣಾಂಕದ ಸಹಜ ಟೈಪ್ ಮೊದಲು ‘ಇಂಟ್32’ ಇತ್ತು, 2.0ರಿಂದ ‘ಇಂಟ್64’. ಫೈಲ್‌ಗೆ ಬೈನರಿಯಾಗಿ ಬರೆಯುವಲ್ಲಿ, ಸೈಥಾನ್‌ಗೆ ದಾಟಿಸುವಲ್ಲಿ ಟೈಪನ್ನು ಹೆಸರಿಸಿ. ಸ್ಕೇಲರ್‌ನ ರೆಪ್ರ್ (ಪರದೆಯ ಮೇಲೆ ತೋರುವ ರೂಪ) ಈಗ ಬರೀ 3.0 ಅಲ್ಲ, ‘ಎನ್‌ಪಿ.ಫ್ಲೋಟ್64(3.0)’. ಇದರಿಂದ ಡಾಕ್‌ಟೆಸ್ಟ್‌ಗಳು (ಡಾಕ್ಸ್‌ನ ಉದಾಹರಣೆಗಳನ್ನೇ ಓಡಿಸಿ ನೋಡುವ ಟೆಸ್ಟ್) ಸಾಲುಸಾಲಾಗಿ ಮುರಿಯುತ್ತವೆ. ಟೆಸ್ಟ್ ಶುರುವಾಗುವಾಗ ‘ಸೆಟ್_ಪ್ರಿಂಟ್‌ಆಪ್ಶನ್ಸ್’ಗೆ ‘ಲೆಗಸಿ’ ಬೆಲೆ 1.25 ಎಂದು ಕೊಟ್ಟರೆ ಹಳೆಯ ರೂಪ ಬರುತ್ತದೆ. ಆದರೆ ಆ ಬೆಲೆ 1.xಗೆ ಗೊತ್ತಿಲ್ಲ, 2 ಇದ್ದಾಗ ಮಾತ್ರ ಕೊಡಿ.

ಟೆಸ್ಟ್ ಡೇಟಾವನ್ನು ಪಿಕಲ್ (ಪೈಥಾನ್ ವಸ್ತುಗಳನ್ನು ಫೈಲ್‌ಗೆ ಉಳಿಸುವ ರೂಪ) ಆಗಿ ರೆಪೊದಲ್ಲಿ ಇಟ್ಟಿದ್ದರೆ ಅದೂ ಒಂದು ಬಲೆ. ನಂಪೈ 2ರಲ್ಲಿ ಪಿಕಲ್ ಮಾಡಿದ ಅರೇಯೊಳಗೆ ‘ನಂಪೈ._ಕೋರ್’ ಎಂಬ ಹೆಸರು ಕೂತಿರುತ್ತದೆ. 1.26 ಸರಣಿಯ ಕೊನೆಯ ಆವೃತ್ತಿಗಳು ಅದನ್ನು ಓದಬಲ್ಲವು, ಅದಕ್ಕಿಂತ ಹಿಂದಿನವು ಅಂಥ ಮಾಡ್ಯೂಲ್ ಇಲ್ಲ ಎನ್ನುತ್ತವೆ. ನಂಪೈಯದೇ ಆದ ಎನ್‌ಪಿವೈ ಫೈಲ್ ಆಗಿ ಉಳಿಸಿದರೆ ಈ ಗೋಳಿಲ್ಲ, ಅದರೊಳಗೆ ಆಬ್ಜೆಕ್ಟ್ ಅರೇ ಇರಬಾರದು ಅಷ್ಟೆ.

ಸಿಐನಲ್ಲಿ ಮೂರು ಸಾಲು

ಸಿಐ ಎಂದರೆ ಕೋಡ್ ಬದಲಾದಾಗಲೆಲ್ಲ ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆ. ಅದರಲ್ಲಿ ನಂಪೈಯ ಎಲ್ಲ ಆವೃತ್ತಿಗಳನ್ನು ಪೈಥಾನ್‌ನ ಎಲ್ಲ ಆವೃತ್ತಿಗಳಿಂದ ಗುಣಿಸಿ 30 ಜಾಬ್ ಓಡಿಸುವ ಅಗತ್ಯವಿಲ್ಲ. ಮುರಿಯುವುದು ಬಹುತೇಕ ತುದಿಗಳಲ್ಲಿ.

ಮೊದಲ ಸಾಲು: ಅತಿ ಹಳೆಯ ಪೈಥಾನ್, ಎಲ್ಲ ಡಿಪೆಂಡೆನ್ಸಿಗಳ ಕೆಳಮಿತಿ. ಪಿಪ್‌ಗೆ ಕೆಳಮಿತಿಯನ್ನೇ ಹಾಕು ಎಂದು ಹೇಳುವ ಆಯ್ಕೆಯಿಲ್ಲ. ಪಿಪ್‌ನಂಥದ್ದೇ ಇನ್ನೊಂದು ಸಾಧನವಾದ ಯುವಿ ಬಳಸಿದರೆ ‘ರೆಸಲ್ಯೂಶನ್’ ಆಯ್ಕೆಗೆ ‘ಲೋಯೆಸ್ಟ್-ಡೈರೆಕ್ಟ್’ ಎಂದು ಕೊಡಬಹುದು, ನೀವು ನೇರವಾಗಿ ಬರೆದ ಡಿಪೆಂಡೆನ್ಸಿಗಳಿಗೆ ಕನಿಷ್ಠ ಆವೃತ್ತಿ, ಅವುಗಳ ಡಿಪೆಂಡೆನ್ಸಿಗಳಿಗೆ ಹೊಸದು ಸಿಗುತ್ತದೆ. ಬರೀ ‘ಲೋಯೆಸ್ಟ್’ ಎಂದರೆ ಕೆಳಮಿತಿಯೇ ಬರೆಯದ ಯಾವುದೋ ಮೂರನೇ ಹಂತದ ಪ್ಯಾಕೇಜ್‌ನ ಓಬಿರಾಯನ ಕಾಲದ ಆವೃತ್ತಿ ಬಂದು ಬಿಲ್ಡ್ ಆಗದೆ ಸಾಯುತ್ತದೆ. ಅದು ನಿಮ್ಮ ತಪ್ಪಲ್ಲ, ನಿಮಗೆ ಬೇಕಾದ ಮಾಹಿತಿಯೂ ಅಲ್ಲ. ಯುವಿ ಬೇಡವೆಂದರೆ ಕನ್‌ಸ್ಟ್ರೇಂಟ್ ಫೈಲ್ ಒಂದರಲ್ಲಿ ‘==’ ಹಾಕಿ ಬರೆದು ಪಿಪ್‌ಗೆ ಕೊಡಿ.

ಎರಡನೇ ಸಾಲು: ಹೊಸ ಪೈಥಾನ್, ಎಲ್ಲದರ ಹೊಸ ಆವೃತ್ತಿ. ಮೂರನೆಯದು: ನೈಟ್ಲಿ. ಸೈಂಟಿಫಿಕ್ ಪೈಥಾನ್‌ನವರು ಅನಕೊಂಡಾ ತಾಣದಲ್ಲಿ ನಂಪೈ, ಸೈಪೈ, ಪಾಂಡಾಸ್ ಮುಂತಾದವುಗಳ ನೈಟ್ಲಿ ವೀಲ್‌ಗಳನ್ನು ಇಡುತ್ತಾರೆ. ಅದನ್ನು ಇಂಡೆಕ್ಸ್ ಆಗಿ ಕೊಟ್ಟು ‘ಪ್ರಿ’ ಆಯ್ಕೆಯ ಜೊತೆ ಇನ್‌ಸ್ಟಾಲ್ ಮಾಡಿ. ಈ ಸಾಲು ಕೆಂಪಾದರೆ ಪುಲ್ ರಿಕ್ವೆಸ್ಟ್ ತಡೆಯಬಾರದು, ಆದರೆ ಯಾರಾದರೊಬ್ಬರ ಕಣ್ಣಿಗೆ ಬೀಳಲೇಬೇಕು. ಸದಾ ಕೆಂಪಾಗಿದ್ದು ಯಾರೂ ನೋಡದ ಜಾಬ್‌ಗಿಂತ ಜಾಬ್ ಇಲ್ಲದಿರುವುದೇ ಮೇಲು.

ಮೂರನ್ನೂ ವಾರಕ್ಕೊಮ್ಮೆ ತಾನಾಗಿ ಓಡುವಂತೆ ಇಡಿ. ನಿಮ್ಮ ರೆಪೊದಲ್ಲಿ ತಿಂಗಳುಗಟ್ಟಲೆ ಯಾವ ಕಮಿಟ್ ಇಲ್ಲದಿದ್ದರೂ ಹೊರಗಿನಿಂದ ಮುರಿಯುವುದು ನಿಲ್ಲುವುದಿಲ್ಲ.

ಜೋಡಿ ಸರಿಯಾಗಿರಲಿ. ಪೈಥಾನ್ 3.13ಕ್ಕೆ ನಂಪೈ ವೀಲ್ ಶುರುವಾಗುವುದೇ 2.1ರಿಂದ, 3.12ಕ್ಕೆ 1.26ರಿಂದ. 3.13ರ ಜೊತೆ 1.22 ಕೇಳಿದರೆ ಪಿಪ್ ಸೋರ್ಸ್ ಎಳೆದು ಬಿಲ್ಡ್ ಮಾಡಲು ಹೊರಡುತ್ತದೆ. ಡಿಸ್ಟ್‌ಯುಟಿಲ್ಸ್ ಪೈಥಾನ್ 3.12ರಲ್ಲೇ ಹೋಗಿರುವುದರಿಂದ ಅದು ನಿಂತುಹೋಗುತ್ತದೆ, ಲಾಗ್‌ನಲ್ಲಿ ಸಂಬಂಧವೇ ಇಲ್ಲದಂಥ ಎರರ್ ಕಾಣುತ್ತದೆ. ‘ಓನ್ಲಿ-ಬೈನರಿ’ ಆಯ್ಕೆ ಹಾಕಿದರೆ ಕನಿಷ್ಠಪಕ್ಷ ‘ಹೊಂದುವ ವೀಲ್ ಇಲ್ಲ’ ಎಂದು ನೇರವಾಗಿ ಹೇಳುತ್ತದೆ. ಹಾಗೆಯೇ ಪಾಂಡಾಸ್ ಕೂಡ ಬೇಕಿದ್ದರೆ ನಂಪೈ 2ಕ್ಕೆ ಹೊಂದುವ ಮೊದಲ ಆವೃತ್ತಿ 2.2.2 ಎಂಬುದು ನೆನಪಿರಲಿ.

ಇನ್ನೊಂದು ಮೋಸ ಹೊಸ ಆವೃತ್ತಿಯ ಸಾಲಿನಲ್ಲೇ ನಡೆಯುತ್ತದೆ. ನಂಬಾದಂಥ ಪ್ಯಾಕೇಜ್‌ಗಳು ನಂಪೈಗೆ ಮೇಲ್ಮಿತಿ ಹಾಕಿಕೊಂಡಿರುತ್ತವೆ. ನಿಮ್ಮ ಟೆಸ್ಟ್ ಪಟ್ಟಿಯಲ್ಲಿ ಅಂಥದ್ದೊಂದು ಇದ್ದರೆ ಆವೃತ್ತಿ ಆರಿಸುವ ರಿಸಾಲ್ವರ್ ಚಕಾರವೆತ್ತದೆ ಹಳೆಯ ನಂಪೈ ಹಾಕುತ್ತದೆ. ಜಾಬ್ ಹೆಸರು ‘ಹೊಸದು’, ಓಡಿದ್ದು ಹಳೆಯದು, ಬಣ್ಣ ಹಸಿರು. ಟೆಸ್ಟ್‌ಗೆ ಮುಂಚೆ ನಂಪೈಯ ಆವೃತ್ತಿ ಮುದ್ರಿಸಿ, ನಿರೀಕ್ಷಿಸಿದ್ದಲ್ಲದಿದ್ದರೆ ಜಾಬ್ ಅಲ್ಲೇ ನಿಲ್ಲುವಂತೆ ಒಂದು ಅಸರ್ಟ್ ಹಾಕಿ.

ಪೈಟೆಸ್ಟ್‌ನಲ್ಲಿ ಡೆಪ್ರಿಕೇಶನ್ ವಾರ್ನಿಂಗನ್ನು ಎರರ್ ಮಾಡುವುದು ಹೊಸ ಮತ್ತು ನೈಟ್ಲಿ ಸಾಲುಗಳಲ್ಲಿ ಮಾತ್ರ. ಹಳೆಯ ಸಾಲಿನಲ್ಲಿ ಮಾಡಿದರೆ ಹಳೆಯ ನಂಪೈ ಹೊಸ ಪೈಥಾನ್‌ನ ಬಗ್ಗೆ ಗೊಣಗಿದ್ದಕ್ಕೆಲ್ಲ ನೀವು ಉತ್ತರ ಕೊಡಬೇಕಾಗುತ್ತದೆ.

ಮೇಲ್ಮಿತಿ ಹಾಕಬೇಕೇ?

ಹೊಸದು ಬಂದು ಎಲ್ಲ ಮುರಿದಾಗ ‘ನಂಪೈ < 2’ ಎಂದು ಹಾಕಿ ನಿಟ್ಟುಸಿರು ಬಿಡುವ ಮನಸ್ಸಾಗುತ್ತದೆ. ಅಪ್ಲಿಕೇಶನ್ ಆದರೆ ಹಾಕಿ, ಯಾರಿಗೂ ತೊಂದರೆಯಿಲ್ಲ. ಲೈಬ್ರರಿಗೆ ಹಾಕಿದರೆ ನಿಮ್ಮನ್ನು ಅವಲಂಬಿಸಿದವರೆಲ್ಲ ಆ ಮಿತಿಗೆ ಸಿಕ್ಕಿಬೀಳುತ್ತಾರೆ. ಸಿ ಕೋಡ್ ಇರುವ ಲೈಬ್ರರಿಗೆ, ಬೈನರಿ ಹೊಂದುವುದಿಲ್ಲವೆಂದು ಖಚಿತವಾಗಿ ಗೊತ್ತಿದ್ದಾಗ, ಹೊಂದುವ ಆವೃತ್ತಿ ತರುವವರೆಗೆ ಹಾಕುವುದು ನ್ಯಾಯ. ಮುಂದೆಂದೋ ಬರುವ ‘< 3’ಗೆ ಈಗಲೇ ಹಾಕುವ ಬಗ್ಗೆ ಎರಡು ಮತವಿದೆ. ನೈಟ್ಲಿ ಸಾಲು ಸರಿಯಾಗಿ ನೋಡಿಕೊಳ್ಳುವವರಿಗೆ ಅದರ ಅಗತ್ಯ ಕಡಿಮೆ.

ಹಾಕುವುದಾದರೆ ಪರಿಣಾಮ ತಿಳಿದಿರಲಿ. ನಿಮ್ಮ 3.4ರಲ್ಲಿ ಮೇಲ್ಮಿತಿ ಇದೆ, 3.3ರಲ್ಲಿ ಇರಲಿಲ್ಲ ಎಂದಿಟ್ಟುಕೊಳ್ಳಿ. ಬಳಕೆದಾರನಿಗೆ ನಂಪೈ 2 ಬೇಕೇ ಬೇಕು. ಪಿಪ್ ಹಿಂದೆ ಹಿಂದೆ ಹುಡುಕುತ್ತ ಹೋಗಿ 3.3ನ್ನು ಹಿಡಿದು ತರುತ್ತದೆ, ಯಾಕೆಂದರೆ ಅದರಲ್ಲಿ ತಡೆಯಿಲ್ಲ. ಅವನಿಗೆ ಸಿಗುವುದು ಹಳೆಯ ಆವೃತ್ತಿ, ಅದೂ ಮುರಿದದ್ದು. ಪಿಪ್ ಪ್ಯಾಕೇಜ್ ತರುವ ತಾಣವಾದ ಪೈಪಿಐನಲ್ಲಿ ಬಿಡುಗಡೆಯಾದ ಫೈಲ್‌ನ ಮೆಟಾಡೇಟಾ ತಿದ್ದಲು ಬರುವುದಿಲ್ಲ. ಯಾಂಕ್ ಮಾಡಬಹುದು, ಅಂದರೆ ಪಿಪ್ ತಾನಾಗಿ ಆರಿಸದಂತೆ ಗುರುತು ಹಾಕಬಹುದು, ಆದರೆ ಎಷ್ಟು ಹಿಂದಿನವನ್ನೆಂದು ಯಾಂಕ್ ಮಾಡುತ್ತೀರಿ? ಕಾಂಡಾ ಪ್ಯಾಕೇಜ್‌ಗಳ ಸಮುದಾಯ ತಾಣವಾದ ಕಾಂಡಾ-ಫೋರ್ಜ್‌ನಲ್ಲಿ ಹಳೆಯ ಬಿಲ್ಡ್‌ಗಳ ಮೆಟಾಡೇಟಾಕ್ಕೆ ಪ್ಯಾಚ್ ಹಾಕುವ ವ್ಯವಸ್ಥೆ ಇದೆ, ಅಲ್ಲಿ ಈ ತೊಂದರೆ ಕಡಿಮೆ. ‘ರಿಕ್ವೈರ್ಸ್-ಪೈಥಾನ್’ಗೆ ಮಾತ್ರ ಮೇಲ್ಮಿತಿ ಎಂದೂ ಹಾಕಬೇಡಿ, ಅಲ್ಲೂ ಇದೇ ಹಿಂದೋಟ ನಡೆಯುತ್ತದೆ.

ಕೈಬಿಡುವ ದಿನ

‘_ಕಾಂಪಾಟ್’ನ ಪ್ರತಿ ತುಂಡಿನ ಮೇಲೂ ಒಂದೇ ಅಚ್ಚಿನ ಕಾಮೆಂಟ್ ಇಡಿ: ‘ನಂಪೈ ಕನಿಷ್ಠ 2.0 ಆದಾಗ ತೆಗೆಯಿರಿ’. ಬೇರೆ ಬೇರೆ ಮಾತಿನಲ್ಲಿ ಬರೆದರೆ ಗ್ರೆಪ್ ಮಾಡಿ ಹುಡುಕಿದಾಗ ಸಿಗುವುದಿಲ್ಲ. ಸ್ಪೆಕ್ 0ರ ವೇಳಾಪಟ್ಟಿ ನೋಡಿ ದಿನ ಬಂದಾಗ ಮೊದಲು ಕೆಳಮಿತಿ ಏರಿಸಿ, ಕಾಂಪಾಟ್ ಹಾಗೇ ಬಿಟ್ಟು ಟೆಸ್ಟ್ ಓಡಿಸಿ. ಹಸಿರಾದರೆ ಗ್ರೆಪ್‌ನಲ್ಲಿ ಸಿಕ್ಕಿದ್ದನ್ನು ಇನ್ನೊಂದು ಕಮಿಟ್‌ನಲ್ಲಿ ಅಳಿಸಿ. ಎರಡನ್ನೂ ಒಂದೇ ಕಮಿಟ್‌ನಲ್ಲಿ ಮಾಡಿದರೆ ಏನಾದರೂ ಮುರಿದಾಗ ಯಾವುದರಿಂದ ಎಂದು ತಿಳಿಯುವುದಿಲ್ಲ.

ಈ ಬದಲಾವಣೆಯನ್ನು ದೋಷ ತಿದ್ದುವ ಸಣ್ಣ ಬಿಡುಗಡೆಯಲ್ಲಿ ತಳ್ಳಬೇಡಿ, 3.4.1ರಲ್ಲಿ ಬೇಡ, 3.5.0ರಲ್ಲಿ ಇರಲಿ. ಬದಲಾವಣೆ ಪಟ್ಟಿಯ ಮೊದಲ ಸಾಲಿನಲ್ಲೇ ಬರೆಯಿರಿ, ಹಳೆಯದನ್ನು ಬೆಂಬಲಿಸುವ ಕೊನೆಯ ಆವೃತ್ತಿ ಯಾವುದೆಂದೂ ಹೇಳಿ. ಪೈಥಾನ್‌ನ ಕೆಳಮಿತಿ ಏರಿಸಿದರೆ ಹಳೆಯ ಪೈಥಾನ್ ಇರುವವರಿಗೆ ಪಿಪ್ ತಾನಾಗಿ ನಿಮ್ಮ ಹಿಂದಿನ ಆವೃತ್ತಿ ಕೊಡುತ್ತದೆ. ನಂಪೈಯ ಕೆಳಮಿತಿ ಏರಿಸಿದರೆ ಹಾಗಲ್ಲ, ಅವರ ನಂಪೈಯನ್ನೇ ಅಪ್‌ಗ್ರೇಡ್ ಮಾಡಿಬಿಡುತ್ತದೆ. ಅದೇ ವಾತಾವರಣದಲ್ಲಿ 1.xಗೆ ಕಂಪೈಲ್ ಆದ ಬೇರೊಂದು ಮಾಡ್ಯೂಲ್ ಇದ್ದರೆ ಅದು ನಿಮ್ಮ ದೆಸೆಯಿಂದ ಮುರಿಯುತ್ತದೆ, 96 ಮತ್ತು 88ರ ಇಶ್ಯೂ ಬರುವುದು ನಿಮ್ಮ ಬಾಗಿಲಿಗೆ.

ಕೆಳಮಿತಿಯ ಅಂಕಿ ಎಲ್ಲೆಲ್ಲಿದೆ ಎಂದು ಒಮ್ಮೆ ಹುಡುಕಿ: ಪೈಪ್ರಾಜೆಕ್ಟ್ ಟಾಮ್ಲ್, ಸಿಐನ ಕನ್‌ಸ್ಟ್ರೇಂಟ್ ಫೈಲ್, ಸಿ ಕೋಡ್‌ನ ಟಾರ್ಗೆಟ್ ಮ್ಯಾಕ್ರೊ, ಡಾಕ್ಸ್‌ನ ಇನ್‌ಸ್ಟಾಲ್ ಪುಟ, ಕಾಂಡಾ-ಫೋರ್ಜ್‌ನ ರೆಸಿಪಿ. ಕೊನೆಯದು ಬೇರೆ ರೆಪೊದಲ್ಲಿ ಇರುವುದರಿಂದ ಸಾಮಾನ್ಯವಾಗಿ ಅದೇ ಮರೆತುಹೋಗುವುದು. ಬಿಡುಗಡೆಯ ನಂತರ ಅಲ್ಲಿ ಬಾಟ್ ತೆರೆಯುವ ಪುಲ್ ರಿಕ್ವೆಸ್ಟನ್ನು ಕಣ್ಣುಮುಚ್ಚಿ ಮರ್ಜ್ ಮಾಡದೆ, ‘ರನ್’ ಪಟ್ಟಿಯಲ್ಲಿ ನಂಪೈಯ ಅಂಕಿ ಏರಿದೆಯೇ ಎಂದು ನೋಡಿ.